ಪಕ್ಕದ ಮನೆಯ ಗುರುತು

ಹೋದ ತಿಂಗಳು ಒಂದು ರಾತ್ರಿ ತಮ್ಮ ಫೋನ್ ಮಾಡಿದ. ಹತ್ತು ಗಂಟೆ ದಾಟಿತ್ತು. ಆ ಹೊತ್ತಿನಲ್ಲಿ ಅವನ ಹೆಸರು ಫೋನಿನಲ್ಲಿ ಕಂಡರೆ ಈಗಲೂ ನನ್ನ ಎದೆ ಧಸಕ್ ಅನ್ನುತ್ತದೆ. ಅವನು ಕುಡಿತ ಬಿಟ್ಟು ನಾಲ್ಕು ವರ್ಷ ಆಯಿತು. ಆದರೂ ಹಳೆಯ ಅಂಜಿಕೆ ಅಷ್ಟು ಬೇಗ ಹೋಗುವುದಿಲ್ಲ ಅಲ್ವಾ. ಅವತ್ತು ಅಂಥದ್ದೇನೂ ಆಗಿರಲಿಲ್ಲ. "ಅಕ್ಕ, ಉಗುಳು ಕಳಿಸಿ ಜೀನ್ ಪರೀಕ್ಷೆ ಮಾಡಿಸಿದ್ದೆ. ರಿಪೋರ್ಟ್ ಬಂದಿದೆ" ಅಂದ. ಮೂರನೇ ಪುಟದ ಒಂದು ಸಾಲು ಓದಿದ. ಡೋಪಮೈನ್ ಡಿ2 ರಿಸೆಪ್ಟರ್ ಜೀನ್, ಎ1 ರೂಪ ಇದೆ, ಚಟಕ್ಕೆ ಬೀಳುವ ಸಾಧ್ಯತೆ ಜಾಸ್ತಿ. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಅಂದ್ರೆ ಇದು ಮೊದಲಿಂದಲೂ ನನ್ನೊಳಗೇ ಬರೆದಿತ್ತಾ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. "ನಾಳೆ ಮಾತಾಡೋಣ ಕಣೋ, ಈಗ ಮಲಕ್ಕೋ" ಅಂದೆ. ಆದರೆ ನನಗೇ ನಿದ್ದೆ ಬರಲಿಲ್ಲ. ಅವನು ಓದಿದ ಸಾಲು ನನಗೆ ಹೊಸದಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮ ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಇದೇ ಎ1. ಅದು ಎಲ್ಲಿಂದ ಬಂತು, ಯಾಕೆ ಅಷ್ಟು ದೊಡ್ಡ ಮಾತಾಯಿತು, ಕೊನೆಗೆ ಅದಕ್ಕೆ ಏನಾಯಿತು ಅನ್ನುವುದೆಲ್ಲ ನನ್ನ ಕಣ್ಣೆದುರಿಗೇ ನಡೆದದ್ದು. ರಿಪೋರ್ಟ್ ಬರೆದವರು ಆ ಕಥೆಯ ಮೊದಲರ್ಧ ಮಾತ್ರ ಹೇಳಿದ್ದರು. ಉಳಿದರ್ಧ ಹೇಳದೆ ಅವನ ಪ್ರಶ್ನೆಗೆ ಹೌದು ಅಥವಾ ಇಲ್ಲ ಅನ್ನುವುದು ನನ್ನಿಂದ ಆಗುತ್ತಿರಲಿಲ್ಲ.

ಮೊದಲು ಔಷಧಿ, ಆಮೇಲೆ ಜೀನ್

ಡೋಪಮೈನ್ ಅಂದರೆ ಸುಖದ ರಾಸಾಯನಿಕ ಅಂತ ಈಗ ಎಲ್ಲರೂ ಹೇಳುತ್ತಾರೆ. ಅದು ಮೊದಲು ಸುದ್ದಿಯಾದದ್ದು ಅಲುಗಾಡದೆ ಕೂತ ಮೊಲಗಳಿಂದ. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಅನ್ನುವ ಔಷಧಿ ಕೊಟ್ಟರು. ಮೊಲಗಳು ಕಲ್ಲಿನ ಹಾಗೆ ಆಗಿಬಿಟ್ಟವು. ಎಲ್-ಡೋಪಾ ಚುಚ್ಚಿದ ಮೇಲೆ ಮತ್ತೆ ಎದ್ದು ಓಡಾಡಿದವು. ಎಲ್-ಡೋಪಾದಿಂದ ಮೆದುಳು ಡೋಪಮೈನ್ ಮಾಡಿಕೊಳ್ಳುತ್ತದೆ. ಅಲ್ಲಿಯವರೆಗೆ ಡೋಪಮೈನನ್ನು ಬೇರೆ ರಾಸಾಯನಿಕ ತಯಾರಾಗುವ ದಾರಿಯ ನಡುವಿನ ಒಂದು ಹಂತ ಅಂದುಕೊಂಡಿದ್ದರು. ಅದಕ್ಕೆ ತನ್ನದೇ ಕೆಲಸ ಇದೆ ಅಂತ ತೋರಿಸಿದ್ದು ಈ ಮೊಲಗಳು. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು.

ಕೆಲಸ ಇದೆ ಅಂದಮೇಲೆ ಅದನ್ನು ಹಿಡಿದುಕೊಳ್ಳುವ ಒಂದು ಪ್ರೋಟೀನ್, ಅಂದರೆ ರಿಸೆಪ್ಟರ್, ನರಕೋಶದ ಮೇಲೆ ಇರಲೇಬೇಕು. 1975ರ ಹೊತ್ತಿಗೆ ಟೊರೊಂಟೊದಲ್ಲಿ ಫಿಲಿಪ್ ಸೀಮನ್ ತಂಡ, ಬಾಲ್ಟಿಮೋರ್‌ನಲ್ಲಿ ಸಾಲಮನ್ ಸ್ನೈಡರ್ ತಂಡ ವಿಕಿರಣ ಬೀರುವ ಔಷಧಿ ಅಣುಗಳನ್ನು ಅರೆದ ಮೆದುಳಿಗೆ ಅಂಟಿಸಿ ಆ ಜಾಗ ಇದೆ ಅಂತ ತೋರಿಸಿದವು. ಮರುವರ್ಷ ಎರಡೂ ತಂಡಗಳು ಬೇರೆ ಬೇರೆಯಾಗಿ ಒಂದೇ ವಿಷಯ ಕಂಡವು. ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆಗೆ ಕೊಡುವ ಔಷಧಿಗಳಲ್ಲಿ ಯಾವುದು ಈ ಜಾಗಕ್ಕೆ ಗಟ್ಟಿಯಾಗಿ ಅಂಟುತ್ತದೋ ಅದನ್ನು ಸ್ವಲ್ಪ ಕೊಟ್ಟರೆ ಸಾಕು. ಸಡಿಲವಾಗಿ ಅಂಟುವುದನ್ನು ಜಾಸ್ತಿ ಕೊಡಬೇಕು. ಇಪ್ಪತ್ತಕ್ಕೂ ಹೆಚ್ಚು ವರ್ಷ ಡಾಕ್ಟರುಗಳು ಅಂದಾಜಿನ ಮೇಲೆ ಬರೆದುಕೊಟ್ಟ ಪ್ರಮಾಣಗಳು ಹಾಳೆಯ ಮೇಲೆ ಒಂದೇ ಗೆರೆಯಲ್ಲಿ ಬಂದು ಕೂತವು. ಆ ಚಿತ್ರವನ್ನು ನಾನು ಮೊದಲ ಸಲ ನೋಡಿದಾಗ ಮೈ ಜುಂ ಅಂದದ್ದು ಇನ್ನೂ ನೆನಪಿದೆ. ಅಷ್ಟು ಜನ ರೋಗಿಗಳ ಅನುಭವಕ್ಕೆಲ್ಲ ಒಂದೇ ಪ್ರೋಟೀನ್ ಕಾರಣ ಅಂತ ಅದು ಹೇಳುತ್ತಿತ್ತು. ಅದನ್ನೇ ಆಮೇಲೆ ಡಿ2 ಅಂತ ಕರೆದರು.

ಆದರೆ ಆ ಪ್ರೋಟೀನನ್ನು ಯಾರೂ ಕೈಗೆ ಹಿಡಿದಿರಲಿಲ್ಲ. ಅದು ಇರುವುದೇ ಸ್ವಲ್ಪ. ಅದೂ ಕೋಶದ ಎಣ್ಣೆಪೊರೆಯೊಳಗೆ ಹೂತುಕೊಂಡಿರುತ್ತದೆ. ಹೊರಗೆ ತೆಗೆಯಲು ಸೋಪಿನಂಥ ದ್ರಾವಣ ಬೇಕು, ಸೋಪು ಹಾಕಿದರೆ ಅದರ ಆಕಾರ ಕೆಡುತ್ತದೆ. ದಾರಿ ಸಿಕ್ಕಿದ್ದು ಬೇರೆ ಕಡೆಯಿಂದ. 1986ರಲ್ಲಿ ರಾಬರ್ಟ್ ಲೆಫ್ಕೊವಿಟ್ಜ್ ತಂಡ ಮತ್ತು ಮರ್ಕ್ ಕಂಪನಿಯ ವಿಜ್ಞಾನಿಗಳು ಸೇರಿ ಅಡ್ರಿನಲಿನ್ ಹಿಡಿಯುವ ಬೀಟಾ2 ರಿಸೆಪ್ಟರಿನ ಜೀನನ್ನು ಹ್ಯಾಮ್‌ಸ್ಟರ್‌ನಿಂದ ತೆಗೆದರು. ಅದರ ಡಿಎನ್‌ಎ ಅಕ್ಷರಗಳನ್ನು ಓದಿದಾಗ ಯಾರೂ ಎಣಿಸದ ಹೋಲಿಕೆ ಕಂಡಿತು. ಕಣ್ಣಿನಲ್ಲಿ ಬೆಳಕು ಹಿಡಿಯುವ ರೊಡಾಪ್ಸಿನ್ ಪ್ರೋಟೀನಿನ ಹಾಗೇ ಇದೂ ಇತ್ತು. ಸೂಜಿ ಬಟ್ಟೆಯೊಳಗೆ ಹೋಗಿ ಬರುವ ಹಾಗೆ ಪೊರೆಯನ್ನು ಏಳು ಸಲ ದಾಟುವ ಪ್ರೋಟೀನ್. ಬೆಳಕಿಗೂ ಅಡ್ರಿನಲಿನ್‌ಗೂ ಒಂದೇ ಮನೆತನ ಅಂದರೆ, ಡೋಪಮೈನ್ ರಿಸೆಪ್ಟರ್ ಕೂಡ ಇದೇ ಬಳಗದ್ದು ಯಾಕಾಗಬಾರದು?

ಅಮೆರಿಕದ ಪೋರ್ಟ್‌ಲ್ಯಾಂಡಿನ ವೊಲ್ಲಮ್ ಇನ್‌ಸ್ಟಿಟ್ಯೂಟಿನಲ್ಲಿ ಒಲಿವಿಯೆ ಸಿವೆಲ್ಲಿ ಮತ್ತು ಜೊತೆಯವರು ಇದನ್ನೇ ಹಿಡಿದು ಹೊರಟರು. ಹ್ಯಾಮ್‌ಸ್ಟರ್ ಜೀನಿನ ತುಂಡನ್ನು ಗಾಳದ ಹಾಗೆ ಬಳಸಿ ಇಲಿಯ ಜೀನುಗಳ ರಾಶಿಯೊಳಗೆ ಬಿಟ್ಟರು. ಡಿಎನ್‌ಎ ತುಂಡುಗಳು ತಮ್ಮ ಜೋಡಿಯನ್ನು ಹುಡುಕಿ ಅಂಟಿಕೊಳ್ಳುತ್ತವೆ. ಬಿಸಿ ಜಾಸ್ತಿ ಮಾಡಿ ತೊಳೆದರೆ ಪಕ್ಕಾ ಜೋಡಿ ಮಾತ್ರ ಉಳಿಯುತ್ತದೆ. ಬಿಸಿ ಕಡಿಮೆ ಮಾಡಿದರೆ ದೂರದ ನೆಂಟರೂ ಅಂಟಿಕೊಂಡು ಉಳಿಯುತ್ತಾರೆ. ಅವರಿಗೆ ಬೇಕಾಗಿದ್ದದ್ದು ಆ ನೆಂಟರೇ. ಸಿಕ್ಕ ಒಂದು ಜೀನನ್ನು ಡೋಪಮೈನ್ ರಿಸೆಪ್ಟರ್ ಇಲ್ಲದ ಕೋಶಗಳಿಗೆ ಸೇರಿಸಿದರು. ಡಿ2ಗೆ ಅಂಟುವ ಔಷಧಿ ಆ ಕೋಶಗಳಿಗೂ ಅಂಟಿತು. 1988ರ ಡಿಸೆಂಬರಿನಲ್ಲಿ ಅದು ಪ್ರಕಟವಾಯಿತು. ಮರುವರ್ಷವೇ ಮನುಷ್ಯನ ಜೀನೂ ಸಿಕ್ಕಿತು. ಈ ಒಂದು ಜೀನಿನಿಂದ ಎರಡು ಅಳತೆಯ ಪ್ರೋಟೀನ್ ಬರುತ್ತದೆ, ಒಂದು 443 ಅಮೈನೋ ಆಮ್ಲಗಳದ್ದು, ಇನ್ನೊಂದು 414ರದ್ದು. ಜೀನಿನ ಒಂದು ತುಂಡನ್ನು ಕೋಶ ಕೆಲವೊಮ್ಮೆ ಸೇರಿಸುತ್ತದೆ, ಕೆಲವೊಮ್ಮೆ ಬಿಡುತ್ತದೆ. ವ್ಯತ್ಯಾಸ ಅಷ್ಟೇ.

ಬೆಳ್ಳಿಯ ಕಣಗಳು

ಜೀನ್ ಕೈಗೆ ಸಿಕ್ಕಿತು ಸರಿ, ಅದು ಕೋಶದೊಳಗೆ ಡಿಎನ್‌ಎ ಸುತ್ತಿಟ್ಟುಕೊಂಡಿರುವ 23 ಜೋಡಿ ಕ್ರೋಮೋಸೋಮುಗಳಲ್ಲಿ ಯಾವುದರ ಮೇಲೆ, ಎಲ್ಲಿ ಕೂತಿದೆ? ಈಗಿನ ವಿದ್ಯಾರ್ಥಿಗೆ ಇದು ಪ್ರಶ್ನೆಯೇ ಅಲ್ಲ. ಹೆಸರು ಟೈಪ್ ಮಾಡಿದರೆ ಅಕ್ಷರದ ಲೆಕ್ಕದಲ್ಲಿ ವಿಳಾಸ ಬರುತ್ತದೆ. ಆಗ ಮನುಷ್ಯನ ಜೀನೋಮ್ ಓದಿ ಮುಗಿಸಿರಲಿಲ್ಲ. ಎರಡು ದಾರಿಗಳು ಬಳಕೆಯಲ್ಲಿದ್ದವು. ಒಂದರಲ್ಲಿ ಮನುಷ್ಯನ ಕೋಶವನ್ನೂ ಇಲಿಯ ಅಥವಾ ಹ್ಯಾಮ್‌ಸ್ಟರಿನ ಕೋಶವನ್ನೂ ಬೆಸೆಯುತ್ತಿದ್ದರು. ಆ ಬೆರಕೆ ಕೋಶ ಬೆಳೆಯುತ್ತಾ ಮನುಷ್ಯನ ಕ್ರೋಮೋಸೋಮುಗಳನ್ನು ಒಂದೊಂದಾಗಿ ಕಳೆದುಕೊಳ್ಳುತ್ತದೆ. ಯಾವ ಕೋಶದಲ್ಲಿ ಯಾವ ಕ್ರೋಮೋಸೋಮ್ ಉಳಿದಿದೆ, ಯಾವುದರಲ್ಲಿ ನಮ್ಮ ಜೀನ್ ಇದೆ ಅಂತ ಪಟ್ಟಿ ಮಾಡಿ ಹೊಂದಿಸಿದರೆ ಕ್ರೋಮೋಸೋಮಿನ ಸಂಖ್ಯೆ ಸಿಗುತ್ತದೆ. ಇನ್ನೊಂದು ದಾರಿಯಲ್ಲಿ ಕ್ರೋಮೋಸೋಮಿನ ಮೇಲೇ ನೇರವಾಗಿ ಜೀನನ್ನು ನೋಡುವುದು. ನಾನು ಕಲಿತದ್ದು ಈ ಎರಡನೆಯದನ್ನು.

ರಕ್ತದ ಬಿಳಿ ಕೋಶಗಳನ್ನು ಮೂರು ದಿನ ಬೆಳೆಸಬೇಕು. ಒಡೆಯುವ ಗಳಿಗೆಯಲ್ಲಿ ಅವನ್ನು ತಡೆದು ನಿಲ್ಲಿಸಿ, ನೀರು ಕುಡಿಸಿ ಉಬ್ಬಿಸಿ, ಮೆಥನಾಲ್ ಮತ್ತು ಅಸಿಟಿಕ್ ಆಮ್ಲದಲ್ಲಿ ಗಟ್ಟಿ ಮಾಡಿ, ಎತ್ತರದಿಂದ ಗಾಜಿನ ಸ್ಲೈಡಿನ ಮೇಲೆ ಹನಿ ಬೀಳಿಸಬೇಕು. ಆಗ ಕ್ರೋಮೋಸೋಮುಗಳು ಹರಡಿಕೊಳ್ಳುತ್ತವೆ. ಆಮ್ಲದ ಆ ಹುಳಿ ವಾಸನೆ ಬಟ್ಟೆಯಿಂದ ಹೋಗುತ್ತಲೇ ಇರಲಿಲ್ಲ. ಅದರ ಮೇಲೆ ಟ್ರಿಷಿಯಂ, ಅಂದರೆ ವಿಕಿರಣ ಬೀರುವ ಹೈಡ್ರೋಜನ್, ಅಂಟಿಸಿದ ಜೀನಿನ ತುಂಡನ್ನು ಹಾಕಬೇಕು. ಆಮೇಲೆ ಡಾರ್ಕ್‌ರೂಮಿನಲ್ಲಿ ಸ್ಲೈಡನ್ನು ಫೋಟೋ ಎಮಲ್ಷನ್ನಿನಲ್ಲಿ, ಅಂದರೆ ಫಿಲಂ ಮೇಲೆ ಹಚ್ಚುವ ಬೆಳ್ಳಿ ಲೇಪದಲ್ಲಿ, ಅದ್ದಿ, ಪೆಟ್ಟಿಗೆಯಲ್ಲಿಟ್ಟು, ಫಾಯಿಲ್ ಸುತ್ತಿ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ವಾರ ಕಾಯಬೇಕು. ಟ್ರಿಷಿಯಂ ಇರುವ ಕಡೆ ಎಮಲ್ಷನ್ನಿನಲ್ಲಿ ಬೆಳ್ಳಿಯ ಕಣ ಹುಟ್ಟುತ್ತದೆ. ಡೆವಲಪ್ ಮಾಡಿದರೆ ಕಪ್ಪು ಚುಕ್ಕೆ.

ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನನಗೆ ಅಳು ಬಂದಿತ್ತು. ಚುಕ್ಕೆಗಳು ಎಲ್ಲ ಕಡೆ ಇದ್ದವು. ಕ್ರೋಮೋಸೋಮಿನ ಮೇಲೆ, ಪಕ್ಕದಲ್ಲಿ, ಖಾಲಿ ಗಾಜಿನ ಮೇಲೆ. ಮೂರು ವಾರ ಕಾದದ್ದು ಇದಕ್ಕಾ ಅನ್ನಿಸಿತು. ನಮ್ಮ ಮೇಡಂ ಪಕ್ಕದಲ್ಲಿ ಕೂತು ಒಂದು ಹಾಳೆ ಕೊಟ್ಟರು. ಅದರಲ್ಲಿ ಎಲ್ಲ ಕ್ರೋಮೋಸೋಮುಗಳ ಚಿತ್ರ ಇತ್ತು. "ಒಂದೊಂದು ಕೋಶವಾಗಿ ನೋಡು. ಚುಕ್ಕೆ ಎಲ್ಲಿದೆಯೋ ಅಲ್ಲಿ ಹಾಳೆಯ ಮೇಲೆ ಒಂದು ಗುರುತು ಹಾಕು. ನೂರು ಕೋಶ ಆಗುವವರೆಗೆ ಏನೂ ಹೇಳಬೇಡ" ಅಂದರು. ನಾಲ್ಕು ದಿನ ಎಣಿಸಿದೆ. ಮೂವತ್ತು ಕೋಶ ಆದಾಗ ಹಾಳೆ ಸುಮ್ನೆ ಮಳೆ ಹನಿ ಬಿದ್ದ ಹಾಗಿತ್ತು. ಎಪ್ಪತ್ತು ದಾಟಿದಾಗ ಒಂದು ಕಡೆ ಚುಕ್ಕೆಗಳು ಒಂದರ ಮೇಲೊಂದು ಏರತೊಡಗಿದವು. ನೂರಕ್ಕೆ ಅದೊಂದು ಪುಟ್ಟ ಗೋಪುರ ಆಯಿತು. ಬೇರೆ ಎಲ್ಲೂ ಹಾಗಿಲ್ಲ. ಯಾವ ಒಂದು ಕೋಶವೂ ತಾನಾಗಿ ಏನನ್ನೂ ಹೇಳಿರಲಿಲ್ಲ, ನೂರೂ ಸೇರಿ ಹೇಳಿದ್ದವು. ಸಂತೋಷಕ್ಕೆ ಮೇಡಂ ಹತ್ತಿರ ಓಡಿದೆ.

ಅವರು ನೋಡಿದರು, ಚೆನ್ನಾಗಿದೆ ಅಂದರು. ಮರುದಿನ ಅದೇ ಸ್ಲೈಡುಗಳ ಹೆಸರಿನ ಮೇಲೆ ಕಾಗದ ಅಂಟಿಸಿ, ಜೊತೆಗೆ ಜೀನಿನ ತುಂಡು ಹಾಕದ ಖಾಲಿ ಸ್ಲೈಡುಗಳನ್ನೂ ಬೆರೆಸಿ ಕೊಟ್ಟರು. ಮತ್ತೆ ಎಣಿಸು ಅಂದರು. ನನಗೆ ತುಂಬ ಬೇಜಾರಾಯಿತು. ನನ್ನ ಮೇಲೆ ನಂಬಿಕೆ ಇಲ್ಲವೇನೋ ಅಂದುಕೊಂಡೆ. ಎಣಿಸುತ್ತಾ ಹೋದಾಗ ಅರ್ಥ ಆಯಿತು. ಗೋಪುರ ಎಲ್ಲಿದೆ ಅಂತ ಗೊತ್ತಾದ ಮೇಲೆ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಅಂಚಿನಲ್ಲಿರುವ ಚುಕ್ಕೆಯನ್ನು ಒಳಗೆ ಸೇರಿಸಿಕೊಳ್ಳಬೇಕು ಅನ್ನಿಸುತ್ತಿತ್ತು. ಖಾಲಿ ಸ್ಲೈಡಿನಲ್ಲೂ ಆ ಜಾಗದಲ್ಲಿ ಏನೋ ಇದೆ ಅನ್ನಿಸುತ್ತಿತ್ತು. ಬೇಕಾದದ್ದನ್ನು ಕಣ್ಣು ಹುಡುಕಿಕೊಡುತ್ತದೆ. ಆ ಎರಡನೇ ಎಣಿಕೆ ನನಗೆ ಮೊದಲನೆಯದಕ್ಕಿಂತ ಹೆಚ್ಚು ಕಲಿಸಿತು.

ಮನುಷ್ಯನ ಡಿ2 ಜೀನಿನ ವಿಳಾಸ ಪ್ರಕಟವಾದದ್ದು 1989ರಲ್ಲಿ. 11ನೇ ಕ್ರೋಮೋಸೋಮ್, ಕ್ಯೂ22ರಿಂದ ಕ್ಯೂ23. ಕ್ರೋಮೋಸೋಮಿನ ಗಿಡ್ಡ ತೋಳನ್ನು ಪಿ ಅನ್ನುತ್ತಾರೆ, ಉದ್ದದ್ದನ್ನು ಕ್ಯೂ. ಆಮೇಲಿನ ಸಂಖ್ಯೆಯನ್ನು ಇಪ್ಪತ್ಮೂರು ಅಂತ ಓದಬಾರದು, ಎರಡು ಮೂರು ಅಂತ ಓದಬೇಕು. ಎರಡನೇ ಪ್ರದೇಶದ ಮೂರನೇ ಪಟ್ಟಿ. ಮುಂದೆ ಒಂದೆರಡು ವರ್ಷದಲ್ಲಿ ಡೋಪಮೈನಿನ ಬೇರೆ ರಿಸೆಪ್ಟರುಗಳೂ ಸಿಕ್ಕವು. ಡಿ1 5ನೇ ಕ್ರೋಮೋಸೋಮಿನಲ್ಲಿ, ಡಿ3 3ನೆಯದರಲ್ಲಿ, ಡಿ5 4ನೆಯದರಲ್ಲಿ. ಡಿ4 ಮಾತ್ರ 11ನೆಯದರಲ್ಲೇ, ಆದರೆ ಆ ಕಡೆಯ ತುದಿಯಲ್ಲಿ. ಐದು ಜನ ಒಡಹುಟ್ಟಿದವರು ನಾಲ್ಕು ಊರುಗಳಲ್ಲಿ.

ಕತ್ತರಿಯ ಗುರುತು

1989ರ ಆ ಲೇಖನದಲ್ಲಿ ವಿಳಾಸದ ಜೊತೆ ಇನ್ನೊಂದು ವಿಷಯ ಇತ್ತು. ನನ್ನ ತಮ್ಮನ ರಿಪೋರ್ಟಿನ ಬೇರು ಅಲ್ಲಿದೆ. ಟ್ಯಾಕ್-ಒನ್ ಅನ್ನುವ ಕಿಣ್ವ ಇದೆ. ಬಿಸಿನೀರಿನ ಬುಗ್ಗೆಯಲ್ಲಿ ಬದುಕುವ ಬ್ಯಾಕ್ಟೀರಿಯಾದಿಂದ ಬಂದದ್ದು. ಡಿಎನ್‌ಎಯಲ್ಲಿ ಟಿ-ಸಿ-ಜಿ-ಎ ಅಂತ ಎಲ್ಲಿ ಕಂಡರೂ ಕತ್ತರಿಸುತ್ತದೆ. ಡಿ2 ಜೀನಿನ ತುಂಡನ್ನು ಹಿಡಿದು ಹುಡುಕಿದಾಗ ಕೆಲವರಲ್ಲಿ ಒಂದು ಕಡೆ ಈ ಕತ್ತರಿ ಬೀಳುತ್ತಿತ್ತು, ಕೆಲವರಲ್ಲಿ ಬೀಳುತ್ತಿರಲಿಲ್ಲ. ಒಂದೇ ಒಂದು ಅಕ್ಷರದ ವ್ಯತ್ಯಾಸ. ಕತ್ತರಿ ಬೀಳದೆ ಉದ್ದ ಉಳಿದ ತುಂಡಿಗೆ ಎ1 ಅಂತ ಹೆಸರಿಟ್ಟರು, ಕತ್ತರಿ ಬಿದ್ದದ್ದು ಎ2. ಅದನ್ನು ಕಂಡವರ ಉದ್ದೇಶ ಸರಳವಾಗಿತ್ತು. ಕುಟುಂಬಗಳಲ್ಲಿ ಈ ಪ್ರದೇಶ ಅಪ್ಪನಿಂದ ಬಂತೋ ಅಮ್ಮನಿಂದ ಬಂತೋ ಅಂತ ಹಿಂಬಾಲಿಸಲು ಒಂದು ಗುರುತು ಬೇಕಿತ್ತು. ರಸ್ತೆ ಬದಿಯ ಮೈಲಿಗಲ್ಲಿನ ಹಾಗೆ. ಮೈಲಿಗಲ್ಲು ದಾರಿ ತೋರಿಸುತ್ತದೆ, ಅಷ್ಟೇ ಅದರ ಕೆಲಸ.

1990ರ ಏಪ್ರಿಲಿನಲ್ಲಿ ಕೆನೆತ್ ಬ್ಲಮ್ ಮತ್ತು ಅರ್ನೆಸ್ಟ್ ನೋಬಲ್ ತಂಡ ಈ ಮೈಲಿಗಲ್ಲನ್ನು ಹಿಡಿದು ತೀರಿಕೊಂಡ 70 ಜನರ ಮೆದುಳಿನ ಡಿಎನ್‌ಎ ನೋಡಿತು. 35 ಜನ ಕುಡಿತದ ಚಟ ಇದ್ದವರು, 35 ಜನ ಇಲ್ಲದವರು. ಚಟ ಇದ್ದವರಲ್ಲಿ 69%ಗೆ ಎ1 ಇತ್ತು. ಇಲ್ಲದವರಲ್ಲಿ 80%ಗೆ ಇರಲಿಲ್ಲ. ಕುಡಿತದ ಜೀನ್ ಸಿಕ್ಕಿತು ಅಂತ ಪತ್ರಿಕೆಗಳೆಲ್ಲ ಬರೆದವು. ಅದೇ ವರ್ಷದ ಡಿಸೆಂಬರಿನಲ್ಲಿ ಅದೇ ವೈದ್ಯಕೀಯ ಪತ್ರಿಕೆಯಲ್ಲಿ ಇನ್ನೊಂದು ತಂಡ ತಮಗೆ ಆ ವ್ಯತ್ಯಾಸ ಕಾಣಲಿಲ್ಲ ಅಂತ ಬರೆಯಿತು. ಆಮೇಲೆ ವರ್ಷಗಟ್ಟಲೆ ಹೌದು, ಇಲ್ಲ, ಹೌದು, ಇಲ್ಲ. ನಮ್ಮ ಲ್ಯಾಬಿನಲ್ಲಿ ಊಟದ ಹೊತ್ತಿಗೂ ಇದೇ ಜಗಳ.

ಜಗಳದಲ್ಲಿ ಒಂದು ಮುಖ್ಯ ಅಂಶ ಮೇಲೆ ಬಂತು. ಎ1 ಎಲ್ಲ ಜನಸಮುದಾಯಗಳಲ್ಲೂ ಒಂದೇ ಪ್ರಮಾಣದಲ್ಲಿಲ್ಲ. ಯುರೋಪಿನ ಮೂಲದವರಲ್ಲಿ ಈ ಜೀನಿನ ಪ್ರತಿಗಳ ಪೈಕಿ ಸುಮಾರು ಐದರಲ್ಲೊಂದು ಎ1. ಪೂರ್ವ ಏಷ್ಯಾದವರಲ್ಲಿ ಅದರ ಎರಡರಷ್ಟು. ಹಾಗಿರುವಾಗ ಚಟ ಇದ್ದವರ ಗುಂಪನ್ನು ಒಂದು ಕಡೆಯ ಜನರಿಂದ, ಇಲ್ಲದವರ ಗುಂಪನ್ನು ಇನ್ನೊಂದು ಕಡೆಯ ಜನರಿಂದ ಆರಿಸಿದರೆ ಎ1 ವ್ಯತ್ಯಾಸ ತಾನಾಗಿ ಕಾಣಿಸುತ್ತದೆ. ಅದಕ್ಕೂ ಕುಡಿತಕ್ಕೂ ಏನೂ ಸಂಬಂಧ ಇರಬೇಕಿಲ್ಲ. ಇದನ್ನು ಸರಿಪಡಿಸಿಕೊಂಡು ಸಾವಿರಾರು ಜನರನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದಾಗ ಒಂದು ಸಣ್ಣ ಸಂಬಂಧ ಉಳಿಯಿತು. ಪೂರ್ತಿ ಸುಳ್ಳಲ್ಲ. ಆದರೆ 1990ರ ಆ ದೊಡ್ಡ ಅಂಕಿಗಳ ಹತ್ತಿರವೂ ಬರುವುದಿಲ್ಲ.

ಆಮೇಲೆ 2004. ಮನುಷ್ಯನ ಜೀನೋಮ್ ಓದಿ ಆಗಿತ್ತು. ಆ ಪ್ರದೇಶವನ್ನು ಅಕ್ಷರ ಅಕ್ಷರವಾಗಿ ನೋಡಿದ ಒಂದು ತಂಡ ಎ1 ಗುರುತು ಡಿ2 ಜೀನಿನೊಳಗೆ ಇಲ್ಲವೇ ಇಲ್ಲ ಅಂತ ತೋರಿಸಿತು. ಡಿ2 ಮುಗಿದು ಸುಮಾರು 10 ಸಾವಿರ ಅಕ್ಷರ ಆಚೆಗೆ, ಎಎನ್‌ಕೆಕೆ1 ಅನ್ನುವ ಬೇರೆ ಜೀನಿನೊಳಗೆ ಅದು ಇತ್ತು. ಆ ಜೀನು ಕೈನೇಸ್ ಅನ್ನುವ ಕಿಣ್ವಗಳ ಬಳಗದ ಪ್ರೋಟೀನಿನದ್ದು, ಡೋಪಮೈನ್ ಹಿಡಿಯುವ ಕೆಲಸ ಅದರದ್ದಲ್ಲ. ಎ1 ಇದ್ದರೆ ಆ ಪಕ್ಕದ ಪ್ರೋಟೀನಿನಲ್ಲೇ ಒಂದು ಅಮೈನೋ ಆಮ್ಲ ಬದಲಾಗುತ್ತದೆ. ಹದಿನೈದು ವರ್ಷ ನಾವೆಲ್ಲ ಡಿ2ರ ರೂಪ ಅಂತ ಹೇಳುತ್ತಾ ಬಂದದ್ದು ಪಕ್ಕದ ಮನೆಯ ಬಾಗಿಲ ಮೇಲಿನ ಗುರುತನ್ನು.

ಇಲ್ಲಿ 1989ರವರ ತಪ್ಪೇನೂ ಇಲ್ಲ ಅಂತ ನಾನು ಜೋರಾಗಿ ಹೇಳುತ್ತೇನೆ. ಅವರ ವಿಳಾಸ ಸರಿಯಾಗಿತ್ತು. ಸೂಕ್ಷ್ಮದರ್ಶಕದಲ್ಲಿ ಕಾಣುವ ಒಂದು ಪಟ್ಟಿ ಅಂದರೆ ಲಕ್ಷ ಲಕ್ಷ ಅಕ್ಷರಗಳು. 11ನೇ ಕ್ರೋಮೋಸೋಮ್ ಇಡೀ ಸುಮಾರು 13.5 ಕೋಟಿ ಅಕ್ಷರ ಉದ್ದ, ಡಿ2 ಜೀನು 65 ಸಾವಿರದಷ್ಟು. ಬೆಳ್ಳಿಯ ಕಣಕ್ಕೆ 10 ಸಾವಿರ ಅಕ್ಷರದ ಅಂತರ ಕಾಣುವುದು ಸಾಧ್ಯವೇ ಇಲ್ಲ. ಗುರುತು ಹತ್ತಿರದಲ್ಲಿದೆ ಅಂತ ಅವರು ಹೇಳಿದ್ದರು, ಅದು ನಿಜ. ಹತ್ತಿರ ಇರುವುದನ್ನು ಒಳಗೆ ಇದೆ ಅಂತ ಓದಿಕೊಂಡವರು ನಾವು. ಅಂಚಿನ ಚುಕ್ಕೆಯನ್ನು ಒಳಗೆ ಎಳೆದುಕೊಳ್ಳುವ ಆ ಆಸೆ ನನಗೆ ಗೊತ್ತು. ಮೇಡಂ ಕಾಗದ ಅಂಟಿಸಿ ಕೊಟ್ಟ ಸ್ಲೈಡುಗಳ ಮುಂದೆ ಕೂತಾಗ ನನ್ನ ಬೆರಳಿನಲ್ಲೇ ಅದು ಇತ್ತು.

ಹಾಗಂತ ಡಿ2 ಸಣ್ಣದಲ್ಲ

ಇದನ್ನೆಲ್ಲ ಓದಿ ಆ ಜೀನ್ ಹುಡುಕಿದ್ದೇ ದಂಡ ಅಂತ ಯಾರಾದರೂ ಅಂದುಕೊಂಡರೆ ನನಗೆ ನಿಜವಾಗಿ ನೋವಾಗುತ್ತದೆ. ಡಿ2ರ ಅಕ್ಷರ ಗೊತ್ತಾದ ಮೇಲೆ ಅದನ್ನು ಬೇಕಾದ ಕೋಶದಲ್ಲಿ ಬೆಳೆಸಿ ಹೊಸ ಔಷಧಿಗಳನ್ನು ಪರೀಕ್ಷೆ ಮಾಡುವುದು ಸಾಧ್ಯವಾಯಿತು. 2018ರಲ್ಲಿ ರಿಸ್ಪೆರಿಡೋನ್ ಔಷಧಿ ಒಳಗೆ ಕೂತಿರುವಾಗಿನ ಡಿ2ರ ಆಕಾರ ಅಣು ಅಣುವಾಗಿ ಕಾಣಿಸಿತು. 2014ರಲ್ಲಿ ಸುಮಾರು 37 ಸಾವಿರ ಸ್ಕಿಜೋಫ್ರೇನಿಯಾ ರೋಗಿಗಳನ್ನೂ 1 ಲಕ್ಷ 13 ಸಾವಿರ ಇತರರನ್ನೂ ಹೋಲಿಸಿದ ದೊಡ್ಡ ಅಧ್ಯಯನದಲ್ಲಿ 108 ಜಾಗಗಳು ರೋಗಕ್ಕೆ ಸಂಬಂಧಿಸಿವೆ ಅಂತ ಕಂಡಿತು. ಅದರಲ್ಲಿ ಒಂದು ಡಿ2 ಇರುವ ಜಾಗ. 1976ರಲ್ಲಿ ಔಷಧಿ ಅಂಟುವ ಗೆರೆ ತೋರಿಸಿದ ಪ್ರೋಟೀನೇ 38 ವರ್ಷ ಆದ ಮೇಲೆ ಜೀನಿನ ಲೆಕ್ಕದಲ್ಲೂ ಎದ್ದು ಬಂತು. ಆ 108ರಲ್ಲಿ ಒಂದೊಂದರ ಪಾಲೂ ತೀರಾ ಚಿಕ್ಕದು. 70 ಜನರಲ್ಲಿ ಅಂಥದ್ದು ಕಾಣುವುದಿಲ್ಲ, ಒಂದೂವರೆ ಲಕ್ಷ ಜನರಲ್ಲಿ ಕಾಣುತ್ತದೆ. ನನ್ನ ನೂರು ಕೋಶಗಳ ಹಾಳೆಯೇ ದೊಡ್ಡದಾಗಿ ಬೆಳೆದ ಹಾಗೆ. ಒಂಟಿ ಚುಕ್ಕೆಯನ್ನು ನೋಡಿ ಯಾರೂ ವಿಳಾಸ ಬರೆಯುತ್ತಿರಲಿಲ್ಲ. ಒಬ್ಬ ಮನುಷ್ಯನ ರಿಪೋರ್ಟಿನಲ್ಲಿ ಮಾತ್ರ ಆ ಒಂಟಿ ಚುಕ್ಕೆಗೆ ಇಷ್ಟು ಧೈರ್ಯವಾಗಿ ಅರ್ಥ ಬರೆಯುತ್ತಾರೆ. ಇದು ನನಗೆ ಸಿಟ್ಟು ತರಿಸುತ್ತದೆ. ಓದುವವನು ಯಾವ ರಾತ್ರಿಗಳನ್ನು ದಾಟಿ ಬಂದಿದ್ದಾನೆ ಅಂತ ಅವರಿಗೆ ಗೊತ್ತಿರುವುದಿಲ್ಲ.

ಮರುದಿನ

ಬೆಳಿಗ್ಗೆ ನಾನೇ ಫೋನ್ ಮಾಡಿದೆ. ಮೊಲಗಳಿಂದ ಶುರು ಮಾಡಿ ಎಲ್ಲ ಹೇಳಿದೆ. ಅವನು ನಡುವೆ ಬಾಯಿ ಹಾಕಲಿಲ್ಲ. ಪಕ್ಕದ ಮನೆ ಅಂದಾಗ ಮಾತ್ರ "ಇನ್ನೊಂದ್ಸಲ ಹೇಳು" ಅಂದ. ಹೇಳಿದೆ. ಕುಡಿತಕ್ಕೆ ಮನೆತನದ ಪಾಲೂ ಇರುತ್ತದೆ ಅನ್ನುವುದನ್ನು ಮುಚ್ಚಿಡಲಿಲ್ಲ. ಅವಳಿಗಳ ಮೇಲಿನ ಅಧ್ಯಯನಗಳು ಸುಮಾರು ಅರ್ಧದಷ್ಟು ಅಂತ ಹೇಳುತ್ತವೆ. ಅಪ್ಪನ ಕಡೆ ಯಾರು ಯಾರು ಹೇಗಿದ್ದರು ಅಂತ ಇಬ್ಬರಿಗೂ ಗೊತ್ತಿದೆ. ಆದರೆ ಆ ಪಾಲು ನೂರಾರು ಕಡೆ ಚೂರು ಚೂರಾಗಿ ಹಂಚಿಹೋಗಿದೆ, ಈ ಒಂದು ಸಾಲಿನಲ್ಲಿ ಇಲ್ಲ ಅಂದೆ.

"ಮತ್ತೆ ನಾನು ಬಿಟ್ಟದ್ದು?" ಅಂತ ಕೇಳಿದ.

"ನೀನು ಬಿಡುವಾಗಲೂ ಈ ಎ1 ನಿನ್ನೊಳಗೇ ಇತ್ತಲ್ಲೋ. ನಾಲ್ಕು ವರ್ಷವೂ ಇತ್ತು" ಅಂದೆ.

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಕಾಗದ ತಿರುಗಿಸುವ ಸದ್ದು. "ಈ ರಿಪೋರ್ಟ್ ಏನು ಮಾಡ್ಲಿ ಅಕ್ಕ?"

"ಇಟ್ಕೋ. ಮೂರನೇ ಪುಟದಲ್ಲಿ ಡಿ2 ಅಂತ ಇರೋದನ್ನ ಹೊಡೆದುಹಾಕಿ ಸರಿಯಾದ ಹೆಸರು ಬರಿ" ಅಂದೆ.

ಅವನು ಎದ್ದು ಪೆನ್ನು ಹುಡುಕಿದ್ದು ಕೇಳಿಸಿತು. ಬಂದು ಕೂತ. ನಾನು ಒಂದೊಂದೇ ಅಕ್ಷರ ಹೇಳಿದೆ. ಎ, ಎನ್, ಕೆ, ಕೆ, ಒಂದು.